ಮನಿ ಮಾರಿ ಕಾಣಬೇಕು

"ಎಲಿವೇಶನ್" ಎಂಬ ಶಬ್ದವನ್ನು ನಾನು ಮೊದಲು ಕಲಿತದ್ದು ಬೆಳಗಾವಿಯ ಕಾನ್ವೆಂಟಿನ ಡ್ರಾಯಿಂಗ್ ಕ್ಲಾಸಿನಲ್ಲಿ. ಮನೆಯ ಎದುರಿಗೆ ನೇರ ನಿಂತರೆ ಅದು ಹೇಗೆ ಕಾಣುತ್ತದೋ ಹಾಗೆ ಬರೆದ ಚಿತ್ರ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಈಗ ಇಳಕಲ್ಲಿನಲ್ಲಿ ಅದರ ಅರ್ಥವೇ ಬೇರೆ. ಹಳೆಯ ಗೋಡೆಗೆ ಟೈಲ್ಸ್ ಹಚ್ಚಿ, ಮೇಲೊಂದು ಸ್ಟೀಲ್ ರೇಲಿಂಗ್ ಕೂರಿಸಿದರೆ "ಎಲಿವೇಶನ್ ಮಾಡಿಸಿದರು" ಎನ್ನುತ್ತಾರೆ. ನಮ್ಮ ಓಣಿಯಲ್ಲೇ ಆರು ಮನೆಗಳಿಗೆ ಆಗಿದೆ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಮುಂಗೋಡೆಯ ಆಯಿಲ್ ಪೇಂಟ್ ಹಪ್ಪಳದಂತೆ ಎದ್ದು ಉದುರತೊಡಗಿದಾಗ ಮೈದುನನೂ ಅದೇ ಮಾತು ತೆಗೆದ.

ಮನೆ ಅವನದೂ ಹೌದು, ನನ್ನದೂ ಹೌದು. ನನ್ನ ಯಜಮಾನರು ಹೋದ ಮೇಲೂ ನಾನು, ಮೈದುನ, ಅವನ ಹೆಂಡತಿ ಒಂದೇ ಒಲೆಯ ಊಟ ಮಾಡಿಕೊಂಡಿದ್ದೇವೆ. ಹೀಗಾಗಿ ಜಗಳವೂ ಒಂದೇ ಅಡುಗೆಮನೆಯಲ್ಲಿ ನಡೆಯುತ್ತದೆ.

"ವೈನಿ, ಮಂದಿ ಮನಿ ನೋಡ್ರಿ, ನಮ್ಮ ಮನಿ ನೋಡ್ರಿ. ಕಜ್ಜಿ ಹತ್ತಿದಂಗ ಕಾಣತೈತಿ," ಎಂದ.

"ಕಜ್ಜಿ ಪೇಂಟಿಗೆ ಹತ್ತೇದ. ಅದರ ಕೆಳಗ ಕಲ್ಲು ಫಸ್ಟ್ ಕ್ಲಾಸ್ ಅದ," ಎಂದೆ. ಇಷ್ಟು ವರ್ಷವಾದರೂ ನನ್ನ ಮಾತಿನಲ್ಲಿ ಬೆಳಗಾವಿ ಹೋಗಿಲ್ಲ.

ನನಗೆ ಆ ಕಲ್ಲು ಗೊತ್ತಿತ್ತು. ನಾನು ಸೊಸೆಯಾಗಿ ಬಂದಾಗ ಮುಂಗೋಡೆ ಬಣ್ಣವಿಲ್ಲದೆ ಬರಿದಾಗಿತ್ತು. ಕೆಂಪು ಕಲ್ಲಿನ ತುಂಬ ಉಳಿಯ ಏಟುಗಳು. ಒಮ್ಮೆ ಮಾವನವರು ಕಟ್ಟೆಯ ಮೇಲೆ ಕುಳಿತು ತೋರಿಸಿದ್ದರು. ಬಾಗಿಲಿನ ಎಡಕ್ಕಿರುವ ಏಟುಗಳು ಒಂದು ಕಡೆ ವಾಲಿದರೆ, ಬಲಕ್ಕಿರುವ ಏಟುಗಳು ಅದರ ವಿರುದ್ಧ ದಿಕ್ಕಿಗೆ ವಾಲಿದ್ದವು. ಇಬ್ಬರು ಕಲ್ಲು ಕೆಲಸದವರು ಎರಡು ಬದಿ ಹಂಚಿಕೊಂಡಿದ್ದರಂತೆ. "ಈ ಕಡೆ ಹೊಡದಾಂವ ಎಡಚ ಇದ್ದ ನೋಡವಾ," ಎಂದು ಬಲಗಡೆಗೆ ಬೆರಳು ಮಾಡಿದ್ದರು. ಇಂಗ್ಲಿಷ್ ಕಲಿತ ಸೊಸೆಯೊಂದಿಗೆ ಏನು ಮಾತಾಡಬೇಕೆಂದು ತಿಳಿಯದೆ ಹೇಳಿದರೋ ಏನೋ. ಆ ಮನೆಯಲ್ಲಿ ನನಗೆ ಬೇಸರವಾದಾಗಲೆಲ್ಲ ಹೊರಗೆ ಬಂದು ಆ ಎಡಗೈಯವನ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ನಾಲ್ಕು ವರ್ಷವಾದ ಮೇಲೆ ಮೈದುನನ ಮದುವೆ ಬಂತು. ಮದುವೆ ಮನೆ ಎಂದು ಗೋಡೆಗೆ ಹಸಿರು ಪೇಂಟ್ ಬಳಿದರು. ಅದರ ಮೇಲೆ ನೀಲಿ, ಆಮೇಲೆ ಕ್ರೀಮ್. ಎಡಗೈಯವ ಮುಚ್ಚಿಹೋದ.

ನನಗೆ ಬೇಕಾಗಿದ್ದು ಅವನು ಮತ್ತೆ ಕಾಣುವುದು, ಅಷ್ಟೆ. ಟೈಲ್ಸ್ ಹಚ್ಚಬೇಕೆಂದರೆ ಮೊದಲು ಗೋಡೆಯನ್ನೆಲ್ಲ ಕುಟ್ಟಿ ಗಾಯ ಮಾಡಬೇಕು. ಆಮೇಲೆ ಯಾರು ಏನು ಮಾಡಿದರೂ ಅದು ತಿರುಗಿ ಬರುವುದಿಲ್ಲ.

ಮೂರು ದಿನದ ವಾದದ ನಂತರ ಮೈದುನ ಒಂದು ಷರತ್ತಿಗೆ ಒಪ್ಪಿದ. ಬಾಗಿಲಿನ ಬಲಕ್ಕೆ ನಾಲ್ಕು ಕಲ್ಲು ಸ್ವಚ್ಛ ಮಾಡಿಸಬೇಕು. ಅವನಿಗೆ ಚಂದ ಕಂಡರೆ ಇಡೀ ಗೋಡೆಯನ್ನು ನಾನು ಹೇಳಿದಂತೆ ಮಾಡಿಸುವುದು, ಇಲ್ಲವಾದರೆ ಟೈಲ್ಸ್.

ಕಲ್ಲು ತಿಳಿದವನೇ ಬೇಕೆಂದು ನಾನು ಪಾಲಿಶ್ ಫ್ಯಾಕ್ಟರಿಯಲ್ಲಿ ದುಡಿದು ಈಗ ಸ್ವಂತ ಕೆಲಸ ಹಿಡಿಯುವ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಅವನು ಬಂದ ದಿನವೇ ನಾನು ಪೆನ್ಶನ್ನಿನ ಲೈಫ್ ಸರ್ಟಿಫಿಕೇಟ್ ಕೊಡಲು ಹುನಗುಂದಕ್ಕೆ ಹೋಗಬೇಕಿತ್ತು. ಬಸ್ಸಿನ ಗಡಿಬಿಡಿಯಲ್ಲಿ ಬಾಗಿಲಲ್ಲೇ ನಿಂತು ಹೇಳಿದೆ: "ಈ ನಾಲ್ಕು ಕಲ್ಲು ನೋಡು ತಮ್ಮಾ. ಪೇಂಟ್ ಪೂರ್ತಿ ಹೋಗಬೇಕು. ಮಾರಿ ಕಾಣಬೇಕು."

ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ಕಾನ್ವೆಂಟಿನಿಂದ ಬಂದ ಹೊಸತರಲ್ಲಿ ಆ ಶಬ್ದ ನನ್ನ ಬಾಯಿಗೆ ಬರುತ್ತಿರಲಿಲ್ಲ, ರೂಡ್ ಅನಿಸುತ್ತಿತ್ತು. ಕಷ್ಟಪಟ್ಟು ಕಲಿತದ್ದು. ಮನೆಯ ನಿಜವಾದ ಮಾರಿ ಕಾಣಬೇಕೆಂಬ ಅರ್ಥದಲ್ಲಿ ಹೇಳಿದೆ. ಮೇಸ್ತ್ರಿ ಗೋಣು ಹಾಕಿ, "ಅದರ ಚಿಂತಿ ಬಿಡ್ರಿ ಅಮ್ಮಾರ," ಎಂದ.

ಮೂರು ಗಂಟೆಯ ಬಸ್ಸಿಗೆ ತಿರುಗಿ ಬಂದು ಓಣಿ ಹೊಕ್ಕಾಗ ಮನೆಯ ಮುಂದೆ ಏಳೆಂಟು ಜನ ನಿಂತಿದ್ದರು. ಕಟ್ಟೆಯ ತುಂಬ ಕೆಂಪು ನೀರು. ಮೇಸ್ತ್ರಿಯ ಕೈಯಲ್ಲಿ ಗ್ರೈಂಡಿಂಗ್ ಮಶೀನು. ನಾಲ್ಕರಲ್ಲಿ ಒಂದು ಕಲ್ಲು, ಉಳಿಯ ಏಟೆಲ್ಲ ಸವೆದು, ಬ್ಯಾಂಕಿನ ಕೌಂಟರಿನಂತೆ ಥಳಥಳ ಹೊಳೆಯುತ್ತಿತ್ತು. ಹತ್ತಿರ ಹೋದೆ. ಕಲ್ಲಿನೊಳಗಿಂದ ಚಸ್ಮಾ ಹಾಕಿದ ಮುದುಕಿಯೊಬ್ಬಳು ನನ್ನನ್ನೇ ನೋಡಿದಳು.

"ಏನ್ ಮಾಡಿದ್ಯೋ ಇದು?"

"ಯಾಕ್ರಿ ಅಮ್ಮಾರ? ಮಾರಿ ಕಾಣಬೇಕಂತ ನೀವ ಹೇಳಿದ್ರಲ್ರಿ. ಕಾಣವಲ್ತೇನ್ರಿ?"

ಆಮೇಲೆ ತಿಳಿಯಿತು. ಪಾಲಿಶ್ ಕೆಲಸದಲ್ಲಿ ಅದು ದಿನಾ ಕೇಳುವ ಮಾತು. ಕಲ್ಲಿನಲ್ಲಿ ನೋಡುವವರ ಮಾರಿ ಕಾಣುವವರೆಗೆ ಉಜ್ಜಬೇಕು, ಅಲ್ಲಿಯವರೆಗೆ ಕೆಲಸ ಮುಗಿದಂತಲ್ಲ. ಅಷ್ಟು ಗಟ್ಟಿ ಕಲ್ಲನ್ನು ಬೆಳಗಿನಿಂದ ಕೈಮಶೀನಿನಲ್ಲಿ ಉಜ್ಜಿದ್ದ, ಪಾಪ. ಬಯ್ಯಲು ನನಗೆ ಬಾಯಿ ಬರಲಿಲ್ಲ. ಮಾತು ನನ್ನದೇ ಆಗಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಮೈದುನನದು. ಅವನು ಕಲ್ಲಿನ ಮುಂದೆ ನಿಂತು ಮೀಸೆ ತಿದ್ದಿಕೊಳ್ಳುತ್ತಿದ್ದ. "ವೈನಿ, ನೀವು ಗೆದ್ರಿ! ಟೈಲ್ಸ್ ಬ್ಯಾಡ. ಇಡೀ ಗೋಡಿ ಹಿಂಗ ಮಾಡಸೂಣು!"

ಎಡಗೈಯವನ ಕಥೆ ಹೇಳಿದೆ. ಅವನು ನಕ್ಕ. "ಉಳೀ ಏಟಿನಾಗ ಎಡಗೈ ಬಲಗೈ ನಿಮಗೆಂಗ ಕಾಣತಾವ್ರಿ? ಅಪ್ಪ ನನ್ನ ಮುಂದ ಒಂದಿನಾನೂ ಹೇಳಲಿಲ್ಲ ಇದನ್ನ."

"ನೀನು ಯಾವಾಗ ಅವರ ಬಾಜೂಕ ಕುಂತಿದ್ದಿ?" ಎಂದುಬಿಟ್ಟೆ. ಅದು ಸ್ವಲ್ಪ ಹೆಚ್ಚೇ ಆಯಿತು. ಅವನು ಒಳಗೆ ಹೋದ. ಉಳಿದ ಮೂರು ಕಲ್ಲನ್ನು ಮಶೀನು ಮುಟ್ಟಿಸದೆ ತೊಳೆಯಬೇಕೆಂದು ಮೇಸ್ತ್ರಿಗೆ ಹೇಳಿದೆ. ನಾಲ್ಕು ಕಲ್ಲಿನ ಮಾತಾಗಿತ್ತು, ನನಗಿನ್ನೂ ಮೂರು ಬಾಕಿ ಇದ್ದವು.

ಮರುದಿನ ಬೆಳಿಗ್ಗೆ ಅವನು ಪೇಂಟ್ ರಿಮೂವರ್ ಹಚ್ಚಿ, ನೈಲಾನ್ ಬ್ರಶ್ಶಿನಿಂದ ತಿಕ್ಕಿ ನೀರು ಹಾಕಿದ. ಕ್ರೀಮ್ ಹೋಯಿತು, ನೀಲಿ ಹೋಯಿತು, ಮದುವೆಯ ಹಸಿರೂ ಹೋಯಿತು. ಮೇಸ್ತ್ರಿ ಬ್ರಶ್ ಕೆಳಗಿಟ್ಟು ಕಲ್ಲಿನ ಮೇಲೆ ಬೆರಳಾಡಿಸಿದ. ಬಾಗಿಲಿನ ಆಚೆ ಬದಿಗೆ ಹೋಗಿ ಪೇಂಟ್ ಉದುರಿದ ಜಾಗ ನೋಡಿ ಬಂದ. ಬಲಗೈಯಲ್ಲಿ ಸುತ್ತಿಗೆ ಇದ್ದಂತೆ ಗಾಳಿಯಲ್ಲಿ ಹೊಡೆದು ನೋಡಿದ. ಕೈ ಬದಲಿಸಿ ಮತ್ತೆ ಹೊಡೆದ.

"ಸಾವ್ಕಾರ್ರ, ಇಲ್ಲಿ ಬರ್ರಿ," ಎಂದು ಮೈದುನನನ್ನು ಕೂಗಿದ. "ಇಂವ ಖರೇನ ಎಡಚ ಅದಾನ್ರಿ. ಸುತ್ತಿಗಿ ಎಡಗೈಯಾಗ ಹಿಡೀಲಾರದ ಹಿಂಗ ಬೀಳಂಗಿಲ್ರಿ ಏಟು. ಭಾಳ ಹದಾ ಕೈ ಇವಂದು."

ಮೈದುನ ಚಸ್ಮಾ ತರಿಸಿಕೊಂಡು ನೋಡಿದ.

"ಆದ್ರ ಪಾಲಿಶ್ ಚಂದ ಅಲ್ಲೇನೋ?" ಎಂದು ಕೊನೆಗೆ ಕೇಳಿದ.

"ಚಂದ ಐತ್ರಿ. ನಾ ಮಾಡಂಗಿಲ್ರಿ. ಬ್ಯಾರೆಯವರನ್ನ ಕರೀರಿ."

ಅಷ್ಟರಲ್ಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಹೊಸ್ತಿಲಿಗೆ ಬಂದಳು. "ಆ ಕನ್ನಡಿ ನನಗೂ ಬ್ಯಾಡ. ಮುಂಜಾನಿಂದ ಹಾದೀಲೆ ಹೋಗಾವ್ರೆಲ್ಲಾ ನಮ್ಮ ಬಾಗಲಕ್ಕ ಬಂದು ಕ್ರಾಪ್ ತೀಡಕೊಂಡು ಹೊಂಟಾರ. ಒಂದು ಕಲ್ಲಿಗೇ ಇಷ್ಟು ಮಂದಿ. ಇಡೀ ಗೋಡಿ ಮಾಡಿಸಿದ್ರ ನಾ ಕಟಿಂಗ್ ಅಂಗಡಿ ತೆರದು ಕುಂಡರ್ತೇನಿ!"

ಮೈದುನ ನಕ್ಕುಬಿಟ್ಟ. ಅವನು ನಕ್ಕರೆ ಒಪ್ಪಿದಂತೆ.

ಇಡೀ ಗೋಡೆಗೆ ಒಂದೂವರೆ ತಿಂಗಳು ಹಿಡಿಯಿತು. ಸಂದಿಗಳಿಗೆ ಸಿಮೆಂಟ್ ಬೇಡವೆಂದು ಸುಣ್ಣದ ಗಾರೆಯನ್ನೇ ತುಂಬಿಸಿದೆವು. ಪಾಲಿಶ್ ಆದ ಕಲ್ಲಿಗೆ ಮತ್ತೆ ಉಳಿ ಹೊಡೆದು ಕೊಡುತ್ತೇನೆಂದು ಮೇಸ್ತ್ರಿ ತಾನಾಗಿ ಹೇಳಿದ. "ನೀ ಬಲಗೈಯಾಂವ. ನೀ ಹೊಡದ್ರ ಅದು ಸುಳ್ಳಾಗತದ. ಇರಲಿ ಬಿಡು," ಎಂದೆ. ಆ ಒಂದು ಕಲ್ಲು ಹಾಗೇ ಹೊಳೆಯುತ್ತಿದೆ. ನೋಡಿದಾಗ ಈಗಲೂ ಸಂಕಟವಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಹೋದ ವಾರ ಬಾಗಲಕೋಟೆಯಿಂದ ಬೀಗರು ಬಂದಿದ್ದರು. ಒಳಗೆ ಚಹಾ ಸೋಸುತ್ತಿದ್ದ ನನಗೆ ಮೈದುನನ ದನಿ ಕೇಳಿಸಿತು. ಅವರನ್ನು ಬಾಗಿಲಿನ ಬಲಕ್ಕೆ ನಿಲ್ಲಿಸಿ ತೋರಿಸುತ್ತಿದ್ದ. "ಈ ಏಟು ಹೆಂಗ ವಾಲ್ಯಾವ ನೋಡ್ರಿ. ಹೊಡದಾಂವ ಎಡಚ. ನಮ್ಮಪ್ಪ ಇದ ಕಟ್ಟಿ ಮ್ಯಾಲೆ ನನ್ನ ಬಾಜೂಕ ಕುಂದ್ರಿಸಿಕೊಂಡು ಹೇಳಿದ್ದ."

ನಾನು ಚಹಾ ತೆಗೆದುಕೊಂಡು ಹೊರಗೆ ಹೋದೆ. ಅವನು ನನ್ನ ಕಡೆ ನೋಡಲಿಲ್ಲ. "ಹೌದ್ರಿ, ಭಾಳ ಚಂದ ಹೇಳತಿದ್ರು ಮಾವನಾರು," ಎಂದು ಬೀಗರಿಗೆ ಕಪ್ಪು ಕೊಟ್ಟೆ.