ಭಾಗ್ಯಶ್ರೀ ಡಾಕ್ಟರಮ್ಮನ ಹಲ್ಲಿನ ಪಾಠ

ಭಾಗ್ಯಶ್ರೀ ತುರ್ವಿಹಾಳದ ಪಶು ಆಸ್ಪತ್ರೆಗೆ ವರ್ಗವಾಗಿ ಬಂದ ಹೊಸದರಲ್ಲಿ ಮಕ್ಕಳು 'ದನದ ಡಾಕ್ಟರಮ್ಮ' ಎಂದು ಹಿಂದಿನಿಂದ ಕೂಗಿ ಓಡುತ್ತಿದ್ದರು. ಅವಳು ಬೇಸರಪಡದೆ ಅವರನ್ನೇ ಶನಿವಾರ ಶಾಲೆ ಬಿಟ್ಟ ಮೇಲೆ ಆಸ್ಪತ್ರೆಗೆ ಕರೆಯತೊಡಗಿದಳು. ಹಸುವಿನ ಎಡ ಪಕ್ಕೆಗೆ ಸ್ಟೆತಸ್ಕೋಪ್ ಇಟ್ಟು ಹೊಟ್ಟೆಯ ಗುಡುಗು ಕೇಳಿಸುತ್ತಿದ್ದಳು. ಎಮ್ಮೆಯ ತುಟಿ ಎತ್ತಿ, "ನೋಡ್ರಿ, ಮ್ಯಾಲೆ ಮುಂದಿನ ಹಲ್ಲೇ ಇಲ್ಲ!" ಎಂದರೆ ಮಕ್ಕಳು ಬೆರಗಾಗುತ್ತಿದ್ದರು. ಹಲ್ಲು ನೋಡಿ ವಯಸ್ಸು ಹೇಳುವುದನ್ನು ಮೊದಲು ಕಲಿತವಳು ಊರಿನ ರೈತ ಮಾಳಿಂಗರಾಯನ ಮಗಳು ಮಮತಾ.

ಭತ್ತದ ಕೊಯ್ಲು ನಡೆದಿತ್ತು. ಒಂದು ಮುಂಜಾನೆ ಮಾಳಿಂಗರಾಯ ಫೋನ್ ಮಾಡಿದ. "ಮೇಡಂರೀ, ಎಮ್ಮಿ ನೀರು ಸೈತ ನುಂಗವಲ್ದು. ಗಂಟಲದಾಗ ಏನೋ ಸಿಕ್ಕಂಡೈತಿ."

ಅವಳು ಹೋಗಿ ನೋಡಿದರೆ ಎಮ್ಮೆಯ ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು. ಒಡೆದ ದನಿಯಲ್ಲಿ ಅದು ಬಿಡದೆ ಅರಚುತ್ತಿತ್ತು. ಭಾಗ್ಯಶ್ರೀ ದೂರದಲ್ಲೇ ನಿಂತಳು.

"ಇದಕ್ಕ ನಾಯಿ ಏನಾರ ಕಡದಿತ್ತೇನು?"

"ಹೋದ ತಿಂಗಳ ಕಾಲುವಿ ದಂಡಿ ಮ್ಯಾಲೆ ಮೂತಿಗೆ ಕಡದಿತ್ರಿ. ಅರಿಷಿಣ ಹಚ್ಚಿದ್ವಿ."

"ಯಾರಾರ ಇದರ ಬಾಯಾಗ ಕೈ ಹಾಕೀರೇನು?"

ಮಮತಾ ಹೆಮ್ಮೆಯಿಂದ ಮುಂದೆ ಬಂದಳು. "ನಾನ್ರೀ. ನೀವು ತೋರಿಸಿದಂಗ ತುಟಿ ಎತ್ತಿ, ನಾಲಿಗಿ ಹಿಡದು ನೋಡೀನಿ. ಒಳಗೇನೂ ಇಲ್ರಿ."

ಅವಳ ಬೆರಳಲ್ಲಿ ಕುಡುಗೋಲು ತಾಗಿದ ಹಸಿ ಗಾಯವಿತ್ತು.

ಭಾಗ್ಯಶ್ರೀ ಅವಳನ್ನು ಹಿತ್ತಲಿಗೆ ಎಳೆದೊಯ್ದಳು. ನಲ್ಲಿಯ ಕೆಳಗೆ ಆ ಕೈಯನ್ನು ಸಾಬೂನು ಹಚ್ಚಿ ಹಚ್ಚಿ ತೊಳೆದಳು. ಅಪ್ಪ ಮಗಳಿಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಸಿಂಧನೂರಿನ ದವಾಖಾನೆಗೆ ಓಡಿದಳು. ಎಮ್ಮೆಗೆ ಬಂದಿದ್ದು ಹುಚ್ಚುನಾಯಿ ರೋಗವೆಂದು ದಾರಿಯಲ್ಲೇ ಹೇಳಿದಳು. ಮೊದಲ ಇಂಜೆಕ್ಷನ್ ಆದ ಮೇಲೆ ಮಾಳಿಂಗರಾಯ ಬಾಯಿ ಬಿಟ್ಟ.

"ನನ್ನ ಮಗಳಿಗೆ ಇದನ್ನ ಕಲಿಸಿದವರು ಯಾರ್ರಿ?"

"ನಾನ," ಎಂದಳು ಭಾಗ್ಯಶ್ರೀ.

ಎಮ್ಮೆ ಮರುದಿನ ಸತ್ತಿತು. ಉಳಿದ ಇಂಜೆಕ್ಷನ್‌ಗಳಿಗೆ ಹುಡುಗಿಯನ್ನು ಭಾಗ್ಯಶ್ರೀಯೇ ಕರೆದೊಯ್ದಳು. ಮಮತಾ ಬಾಟಲಿ ಎತ್ತಿ ನೀರು ಕುಡಿಯುವಾಗಲೆಲ್ಲ ಭಾಗ್ಯಶ್ರೀಯ ಕಣ್ಣು ಆ ಪುಟ್ಟ ಗಂಟಲಿನ ಮೇಲೆಯೇ ಇರುತ್ತಿತ್ತು. ನೀರು ಇಳಿದ ಮೇಲೆಯೇ ತಾನೂ ಉಸಿರು ಬಿಡುತ್ತಿದ್ದಳು. ಬಾಯಿಯೊಳಗೆ ಏನಿದೆ ಎಂದು ಹೇಳಿಕೊಟ್ಟೆ, ಯಾವಾಗ ಬಾಯಿ ಮುಟ್ಟಬಾರದು ಎಂದು ಹೇಳಲಿಲ್ಲವಲ್ಲ ಎಂಬ ಸಂಕಟ ಅವಳನ್ನು ಒಳಗೇ ಕೊರೆಯಿತು.

ಹುಡುಗಿಗೆ ಏನೂ ಆಗಲಿಲ್ಲ. ಆದರೆ ಹೆಡ್‌ಮಾಸ್ತರ ಬಸವಂತರಾಯರು, "ಮಂದಿ ಅಂಜ್ಯಾರ್ರಿ ಮೇಡಂ, ಸದ್ಯ ಪಾಠ ಬ್ಯಾಡ," ಎಂದರು. ಅವಳು ವಾದಿಸಲಿಲ್ಲ. ಶನಿವಾರಗಳು ಖಾಲಿಯಾಗಿ ಕಳೆದವು.

ಬೇಸಿಗೆಯ ಒಂದು ಸಂಜೆ ಮಮತಾ ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ಎಮ್ಮಿಗೆ ನೀರಡಿಕಿ ಆಗಿತ್ತು, ನೀರೂ ಮುಂದೇ ಇತ್ತು. ಯಾಕ ನುಂಗಲಿಲ್ರಿ?"

"ನಿಮ್ಮಪ್ಪಗ ಹೇಳಿ ಬಂದೀಯೇನು?"

"ಹೊರಗ ನಿಂತಾನ್ರಿ."

ಮಾಳಿಂಗರಾಯ ಗೇಟಿನ ಬಳಿ ರಸ್ತೆಗೆ ಮುಖ ಮಾಡಿ ನಿಂತಿದ್ದ. ಭಾಗ್ಯಶ್ರೀ ಬೆಂಚನ್ನು ಅಂಗಳಕ್ಕೆ ಎಳೆದು, ಅವನಿಗೂ ಕೇಳುವಷ್ಟು ಗಟ್ಟಿಯಾಗಿ, ನಾಯಿ ಕಡಿದ ವಿಷ ನರದ ದಾರಿ ಹಿಡಿದು ಮಿದುಳಿಗೆ ಹೇಗೆ ಏರುತ್ತದೆ ಎಂಬಲ್ಲಿಂದ ಹೇಳತೊಡಗಿದಳು.