ಉಡುತಡಿಯಲ್ಲಿ ಸೀದ ಅನ್ನ

ನಮ್ಮ ಗೈಡ್ ದಳಕ್ಕೆ ಎಲ್ಲವೂ ಇತ್ತು, ಹೋಗುವುದಕ್ಕೊಂದು ಜಾಗ ಮಾತ್ರ ಇರಲಿಲ್ಲ. ನೀಲಿ ಲಂಗ, ಬಿಳಿ ಜಂಪರು, ಕೊರಳಿಗೆ ಹಳದಿ ಸ್ಕಾರ್ಫು, ಗಂಟು ಕಟ್ಟುವುದನ್ನು ಕಲಿಯಲು ಹಗ್ಗ, ಒಂದು ಸೀಟಿ. ಮೂರು ಬೆರಳೆತ್ತಿ ಸೆಲ್ಯೂಟ್ ಹೊಡೆಯುವುದನ್ನೂ ಕಲಿತಿದ್ದೆವು. ನಯಾ ಪೈಸೆ ಬಂದ ಹೊಸತು. ಶಿಕಾರಿಪುರದ ನಮ್ಮ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಶಿವಮೊಗ್ಗದ ಕಡೆಯಿಂದ ಒಬ್ಬರು ಟೀಚರು ಬಂದು ಈ ದಳವನ್ನು ಕಟ್ಟಿದ್ದರು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಅಕ್ಕೋರಿಗೆ ಇನ್ನೂ ಮದುವೆಯಾಗಿರಲಿಲ್ಲ. ಊರಿನವರಿಗೆ ಅದೇ ಮೊದಲ ತಕರಾರು.

ಗೈಡುಗಳು ಎಂದಮೇಲೆ ಹೊರಗೆ ಹೋಗಬೇಕು, ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡಬೇಕು ಎಂದು ಅಕ್ಕೋರು ಹೇಳಿದರು. ಎಲ್ಲಿಗೆ ಎಂಬುದನ್ನು ನಾವೇ ಯೋಚಿಸಿ ಹೇಳಬೇಕಂತೆ. ಯೋಚಿಸಿದೆವು. ಅಂಚೆ ಕಚೇರಿಗೆ ಹೋಗಿ ಕಾಗದಗಳಿಗೆ ಮೊಹರು ಹೊಡೆಯುವುದನ್ನು ನೋಡೋಣ ಎಂದಳು ಒಬ್ಬಳು. ಅಲ್ಲಿ ಗಂಡಸರು ಸೇರುತ್ತಾರೆ, ಬೇಡ ಎಂದ ಅವಳ ಅಜ್ಜ. ಅಕ್ಕಿ ಗಿರಣಿ ಎಂದಳು ಇನ್ನೊಬ್ಬಳು. ಬೆಲ್ಟಿಗೆ ಜಡೆ ಸಿಕ್ಕಿಕೊಂಡರೆ ಯಾರು ಹೊಣೆ ಎಂದರು. ಕೆರೆ ಏರಿ ಎಂದರೆ ನೀರಿನ ಭಯ, ಗುಡ್ಡ ಎಂದರೆ ಗಾಳಿಯ ಭಯ. ಸೊರಬದ ಕಡೆಯ ಉಳವಿಗೆ ಹೋಗಿ ಭತ್ತದ ನಾಟಿ ನೋಡೋಣ ಎಂದರೆ, ಬಸ್ಸು ಕೆಟ್ಟು ನಿಂತರೆ ಏನು ಮಾಡುತ್ತೀರಿ ಎಂದು ನಮ್ಮಪ್ಪನೇ ಕೇಳಿದ. ನಡೆದು ಬರುತ್ತೇವೆ, ಗೈಡುಗಳಲ್ಲವೇ ಎಂದೆ. ತಾಲ್ಲೂಕು ಕಚೇರಿಯ ಗುಮಾಸ್ತ ಅವನು, ಎದುರುತ್ತರ ಕೇಳಿ ಅಭ್ಯಾಸವಿಲ್ಲ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ನಾನು ಹುಟ್ಟಿದ್ದು ಸೊರಬದಲ್ಲಿ. ಅಪ್ಪನಿಗೆ ವರ್ಗವಾದದ್ದರಿಂದ ಶಿಕಾರಿಪುರಕ್ಕೆ ಬಂದವರು ನಾವು. ನನ್ನ ಮಾತು ಕೇಳಿ ಪೇಟೆ ಹುಡುಗಿಯರು ನಗುತ್ತಿದ್ದರು. ಅವರ ಬಾಯಿ ಮುಚ್ಚಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಒಂದು ವಸ್ತು, ನಮ್ಮ ಸೊರಬದ ಕಡೆಯ ಗುಡವಿ ಕೆರೆ. ಮಳೆಗಾಲದಲ್ಲಿ ಅಲ್ಲಿ ನೀರೊಳಗೇ ಮರಗಳು ನಿಂತಿರುತ್ತವೆ, ಕೊಂಬೆ ಕಾಣದಷ್ಟು ಬಿಳಿ ಹಕ್ಕಿ ಕೂತಿರುತ್ತವೆ, ಗಲಾಟೆಗೆ ಪಕ್ಕದವರ ಮಾತೂ ಕೇಳುವುದಿಲ್ಲ ಎಂದು ಕಂಡದ್ದಕ್ಕೆ ಇನ್ನಷ್ಟು ಸೇರಿಸಿ ಹೇಳುತ್ತಿದ್ದೆ. ಉಳಿದವರು ಬಡಾಯಿ ಎಂದರು. ಒಬ್ಬಳು ಮಾತ್ರ ಪೂರ್ತಿ ನಂಬಿದಳು.

ಅವಳು ನನ್ನ ಬೆಂಚಿನ ಗೆಳತಿ. ಪೇಟೆ ಬೀದಿಯ ದೊಡ್ಡ ಕಿರಾಣಿ ಅಂಗಡಿ ಅವಳ ಅಪ್ಪನದು. ಗೂಡು ನೀರಿನ ಮೇಲೇ ಇರುತ್ತದೆಯೇ, ಮರಿ ಜಾರಿ ಬಿದ್ದರೆ ಏನಾಗುತ್ತದೆ ಎಂದು ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದಳು. ದಳದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಂಥ ಗಾಳಿಯಲ್ಲೂ ಎರಡೇ ಕಡ್ಡಿ ಗೀರಿ ಒಲೆ ಹೊತ್ತಿಸುತ್ತಿದ್ದಳು. ಹೊರಗೆ ಹೋದಾಗ ನಡೆಯುವ ಬಯಲಡುಗೆಯ ಪರೀಕ್ಷೆ ಪಾಸು ಮಾಡಿದರೆ ಅವಳನ್ನು ಶಿವಮೊಗ್ಗದ ಕ್ಯಾಂಪಿಗೆ ಕಳಿಸುವುದು, ಆ ನೆಪದಲ್ಲಿ ಅವಳ ಅಪ್ಪನನ್ನು ಕಂಡು ಹೈಸ್ಕೂಲಿಗೂ ಒಪ್ಪಿಸುವುದು ಎಂದು ಅಕ್ಕೋರು ಲೆಕ್ಕ ಹಾಕಿದ್ದರು. ಅದು ಮಿಡ್ಲ್ ಸ್ಕೂಲಿನ ಕೊನೆಯ ವರ್ಷ. ಅವಳ ಅಕ್ಕನನ್ನು ಇದೇ ತರಗತಿಯಲ್ಲಿ ಬಿಡಿಸಿ ಮದುವೆ ಮಾಡಿದ್ದರು. ತನ್ನನ್ನು ಬಿಡಿಸದಿದ್ದರೆ ಸಾಕು ಎಂಬುದೊಂದೇ ಅವಳಿಗಿದ್ದ ಆಸೆ.

ಗುಡವಿಗೆ ಹೋಗೋಣ ಎಂದು ನಾವಿಬ್ಬರೂ ಹಟ ಹಿಡಿದೆವು. ಅಷ್ಟು ದೂರ, ಅದೂ ಹಕ್ಕಿ ನೋಡುವುದಕ್ಕೆ ಎಂದು ಊರೇ ನಕ್ಕಿತು. ಎಲ್ಲಕ್ಕಿಂತ ಜೋರಾಗಿ ಬೇಡ ಎಂದವನು ಅವಳ ಅಪ್ಪ. ಅದೇ ಮನುಷ್ಯ ಒಂದು ದಿನ ತಾನಾಗಿ ಶಾಲೆಗೆ ಬಂದು, ಕೈಮುಗಿದು, ಉಡುತಡಿಗೆ ಕರೆದುಕೊಂಡು ಹೋಗಿ ಎಂದ.

"ಶರಣೆ ಅಕ್ಕ ಹುಟ್ಟಿದ ಊರು, ಮಕ್ಳಿಗೆ ಪುಣ್ಯ ಬರ್ತೈತ್ರಿ. ಭತ್ತದ ಲಾರಿ ನಾನೇ ಕಳಿಸ್ತೀನಿ," ಎಂದ.

ಸಾವ್ಕಾರನೇ ಒಪ್ಪಿದ ಮೇಲೆ ಕೇಳಬೇಕೆ, ಬಸವನ ಹಿಂದೆ ಬಾಲ ಎಂಬಂತೆ ಉಳಿದ ಅಪ್ಪಂದಿರೂ ಒಪ್ಪಿದರು. ಅಕ್ಕೋರ ಕಣ್ಣಲ್ಲಿ ನೀರು ಬಂದಿತ್ತು. ತಮ್ಮ ಕೆಲಸವನ್ನು ಈ ಊರು ಕೊನೆಗೂ ಅರ್ಥ ಮಾಡಿಕೊಂಡಿತು ಎಂದುಕೊಂಡಿದ್ದರು ಪಾಪ.

ಹೊರಡುವ ಬೆಳಿಗ್ಗೆ ನನ್ನ ಗೆಳತಿ ಯೂನಿಫಾರ್ಮಿನ ಮೇಲೆ ಬಂಗಾರದ ಜುಮುಕಿ ಹಾಕಿಕೊಂಡು, ಮೊಳ ಮಲ್ಲಿಗೆ ಮುಡಿದು ಬಂದಳು. ಗೈಡುಗಳು ಒಡವೆ ಹಾಕುವಂತಿಲ್ಲ ಎಂದು ಅಕ್ಕೋರು ಗದರಿದರು. ತೆಗೆದರೆ ಅವ್ವ ಬೈಯುತ್ತಾಳೆ ಎಂದಳು ಅವಳು. ಲಾರಿ ಊರು ದಾಟಿದ ಮೇಲೆ, ಎಲ್ಲರೂ ಹಾಡಲು ಶುರು ಮಾಡಿದಾಗ, ನನ್ನ ಕಿವಿಯ ಹತ್ತಿರ ಬಂದಳು.

"ನನ್ನ ನೋಡೋಕೆ ಬರ್ತಾರಂತೆ ಅಲ್ಲಿ. ಅವ್ವ ಚಿಗವ್ವನ ಹತ್ರ ಹೇಳ್ತಿದ್ಲು, ಕೇಳಿಸ್ಕೊಂಡೆ."

ನಮ್ಮ ಕಡೆಯ ಜಾಣತನ ಅದು. ಹುಡುಗನ ಕಡೆಯವರು ಮನೆಗೇ ಬಂದು ಹೆಣ್ಣು ನೋಡಿ ಬೇಡವೆಂದು ಹೋದರೆ ಹುಡುಗಿಯ ಹೆಸರು ಕೆಡುತ್ತದೆ. ಅದಕ್ಕೆ ಮೊದಲು ಯಾರದೋ ಮದುವೆಯಲ್ಲೋ, ಸಂತೆಯಲ್ಲೋ ಸುಮ್ಮನೆ ದೂರದಿಂದ ನೋಡಿಕೊಂಡು ಹೋಗುತ್ತಾರೆ. ಒಪ್ಪಿಗೆಯಾದರೆ ಮಾತು, ಇಲ್ಲದಿದ್ದರೆ ಏನೂ ನಡೆದೇ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಡುತಡಿಯಲ್ಲಿ ಹೊಲ ಗದ್ದೆ ಚೆನ್ನಾಗಿದ್ದ ಒಂದು ಮನೆಯವರಿಗೆ ಹುಡುಗಿಯನ್ನು ತೋರಿಸಬೇಕಿತ್ತು. ಅದಕ್ಕೆ ಇಡೀ ಗೈಡ್ ದಳವನ್ನೇ ಲಾರಿಗೆ ತುಂಬಿ ಕಳಿಸಿದ್ದ ಆ ಅಪ್ಪ. ನನಗೆ ಸಿಟ್ಟಿನಿಂದ ಅಳು ಬಂತು. ಅಕ್ಕೋರಿಗೆ ಈಗಲೇ ಹೇಳೋಣ ಎಂದೆ. ಅವಳು ಬೇಡವೆಂದು ತಡೆದಳು. ಅಕ್ಕೋರು ಹೋಗಿ ಅಪ್ಪನ ಹತ್ತಿರ ಜಗಳ ತೆಗೆದರೆ ಮಾರನೆಯ ದಿನವೇ ತನ್ನ ಶಾಲೆ ಮುಗಿಯಿತು ಎಂದಳು. ಅವಳು ಆಗಲೇ ಬೇರೊಂದು ಉಪಾಯ ಮಾಡಿಕೊಂಡಿದ್ದಳು. ಅಡುಗೆಯನ್ನು ಕೆಡಿಸುವುದು.

"ಟೆಸ್ಟು ಹೋಗ್ತದಲ್ಲೇ? ಕ್ಯಾಂಪು?" ಎಂದೆ.

"ಹೋದ್ರೆ ಹೋಗ್ಲಿ. ಅಡಿಗಿ ಬರದ ಹುಡುಗೀನ ಯಾರು ಒಯ್ತಾರೆ? ಸಾಲಿ ಉಳಿದ್ರೆ ಮುಂದಿನ ವರ್ಷ ಇನ್ನೊಂದು ಕ್ಯಾಂಪು ಬರ್ತೈತಿ."

ಉಡುತಡಿಯಲ್ಲಿ ಹಳೆಯ ಗುಡಿಯ ಮುಂದೆ ನಮ್ಮನ್ನು ಸಾಲಾಗಿ ಕೂರಿಸಿ ಅಕ್ಕೋರು ಅಕ್ಕನ ಕಥೆ ಹೇಳಿದರು. ಅರಸನೇ ಬಂದು ಕೇಳಿದರೂ ಒಲ್ಲೆನೆಂದು, ಅರಮನೆಯನ್ನು ಬಿಟ್ಟು ನಡೆದವಳು. ಊರ ಹೆಂಗಸರು ಕೈಮುಗಿದು ಕೇಳುತ್ತಿದ್ದರು. ಒಬ್ಬಳು ಅರಸನನ್ನು ಬಿಟ್ಟು ಹೋದ ಜಾಗದಲ್ಲಿ ಇನ್ನೊಬ್ಬಳಿಗೆ ಗಂಡು ಗೊತ್ತು ಮಾಡಲು ಬಂದು ಕೂತಿದ್ದಾರಲ್ಲ ಎಂದು ಅವತ್ತು ನನಗೆ ಹೊಳೆಯಲಿಲ್ಲ. ಈಗ ಹೊಳೆಯುತ್ತದೆ, ಏನು ಪ್ರಯೋಜನ. ಆ ಹೆಂಗಸರಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ, ನರೆಗೂದಲಿನ ಒಬ್ಬಾಕೆ ಕಥೆ ಕೇಳದೆ ನನ್ನ ಗೆಳತಿಯ ಜುಮುಕಿಯನ್ನೇ ನೋಡುತ್ತಿದ್ದಳು. ಹೆಣ್ಣು ನೋಡಲು ಬಂದವಳು ಅವಳೇ ಎಂದು ನಮಗಿಬ್ಬರಿಗೂ ಗೊತ್ತಾಯಿತು.

ಆಮೇಲೆ ಅಡುಗೆ. ನಾಲ್ಕು ಗುಂಪು, ನಾಲ್ಕು ಒಲೆ. ನಮ್ಮ ಗುಂಪಿಗೆ ಅವಳೇ ಮುಖ್ಯಸ್ಥೆ. ಒಣಗಿದ ಪುಳ್ಳೆಯನ್ನು ಬದಿಗೆ ಸರಿಸಿ ಹಸಿ ಸೌದೆಯನ್ನೇ ಆರಿಸಿ ತಂದಳು. ಕಡ್ಡಿ ಗೀರಿದ್ದೇ ಗೀರಿದ್ದು, ಪೊಟ್ಟಣವೇ ಖಾಲಿಯಾಯಿತು. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಅಂತೂ ಉರಿ ಹತ್ತಿದ ಮೇಲೆ ಅನ್ನದ ಪಾತ್ರೆಗೆ ನೀರು ಕಡಿಮೆ ಹಾಕಿ, ಮುಚ್ಚಿ, ಸಾರಿಗೆ ಉಪ್ಪನ್ನು ಹಿಡಿ ಹಿಡಿಯಾಗಿ ಹಾಕಿದಳು. ಅನ್ನ ತಳ ಹಿಡಿದು ಸೀದ ವಾಸನೆ ಗುಡಿಯವರೆಗೂ ಹೋಯಿತು. ತಳದಲ್ಲಿ ಇದ್ದಿಲು, ಮೇಲೆ ಅಕ್ಕಿ.

ಅಕ್ಕೋರು ಮುಚ್ಚಳ ತೆಗೆದು ನೋಡಿ ದಂಗಾದರು. ಅವರು ಸಾಮಾನ್ಯವಾಗಿ ಬೈಯುವವರಲ್ಲ. ಅವತ್ತು ಊರ ಹೆಂಗಸರೆಲ್ಲರ ಮುಂದೆ ಬೈದರು. ಬೇಕೆಂದೇ ಅಸಡ್ಡೆ ಮಾಡಿದ್ದೀಯ ಎಂದರು, ನಂಬಿದ್ದಕ್ಕೆ ನನ್ನ ಮುಖಕ್ಕೆ ಮಸಿ ಬಳಿದೆ ಎಂದರು, ಕ್ಯಾಂಪಿನ ಮಾತು ಇನ್ನು ಎತ್ತಬೇಡ ಎಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಭುಜಗಳು ಅಲುಗುತ್ತಿದ್ದವು. ಪಕ್ಕದಲ್ಲೇ ನಿಂತಿದ್ದ ನನಗೆ ಅವಳ ಮುಖ ಕಾಣುತ್ತಿತ್ತು. ಕೆಳದುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ತಡೆದೂ ತಡೆದೂ ಕಣ್ಣಲ್ಲಿ ನೀರು ಬಂದಿತ್ತು. ಅವಳನ್ನು ನೋಡಿದರೆ ನಾನೂ ನಗುತ್ತೇನೆಂದು ನಾನು ಮರದ ಕಡೆ ತಿರುಗಿಕೊಂಡೆ.

ನರೆಗೂದಲಿನಾಕೆ ಎದ್ದು ಬಂದು ಅವಳ ಬೆನ್ನು ಸವರಿದಳು. "ಅಳಬ್ಯಾಡ ತಾಯಿ. ಹಸಿ ಸೌದಿ, ಯಾರು ಮಾಡಿದ್ರೂ ಸೀಯ್ತೈತಿ," ಎಂದಳು.

ಅವತ್ತು ನಾವು ಬೇರೆ ಒಲೆಗಳ ಅನ್ನವನ್ನೇ ಹಂಚಿಕೊಂಡು ಅರೆಹೊಟ್ಟೆ ಉಂಡೆವು. ದಳದವರೆಲ್ಲ ಅವಳಿಗೆ ಶಾಪ ಹಾಕಿದರು. ಹಿಂತಿರುಗುವಾಗ ಲಾರಿಯ ಮೂಲೆಯಲ್ಲಿ ಅಕ್ಕೋರು ನಮಗೆ ಬೆನ್ನು ಮಾಡಿ ಕೂತಿದ್ದರು. ನಮ್ಮಿಬ್ಬರದು ಮಾತ್ರ ಹಬ್ಬ. ಅವಳು ಲಾರಿಯ ಹಲಗೆ ಹಿಡಿದು ನಿಂತು, ಗಾಳಿಗೆ ಮಲ್ಲಿಗೆ ಉದುರಿಸಿಕೊಂಡು, ಶಿಕಾರಿಪುರ ಬರುವವರೆಗೂ ಹಾಡಿದಳು. ಮುಂದಿನ ವರ್ಷ ಗುಡವಿ ಎಂದು ಇಬ್ಬರೂ ಮಾತು ಕೊಟ್ಟುಕೊಂಡೆವು.

ಕೆಲವು ದಿನಗಳಲ್ಲಿ ಅವಳು ಶಾಲೆಗೆ ಬರುವುದು ನಿಂತಿತು. ನಾನು ಅವರ ಮನೆಗೆ ಓಡಿದೆ. ಪಡಸಾಲೆಯಲ್ಲಿ ಹಿರಿಯರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಅವಳ ಅವ್ವ ನನ್ನ ಕೈಗೂ ಸಕ್ಕರೆ ಹಾಕಿ, ಉಡುತಡಿಯವರು ಒಪ್ಪಿದರು ಎಂದಳು. ಒಳಗೆ ಅಕ್ಕಿ ಮೂಟೆಗಳ ಪಕ್ಕ ಅವಳು ಕೂತಿದ್ದಳು. ಅಳುತ್ತಿರಲಿಲ್ಲ. ಯೋಚನೆ ಮಾಡುತ್ತಿದ್ದಳು.

"ಅವ್ರು ಅನ್ನ ತಿನ್ಲೇ ಇಲ್ಲಲ್ಲ," ಎಂದಳು. "ಒಂದು ತುತ್ತು ತಿಂದಿದ್ರೆ ಬ್ಯಾಡ ಅಂತಿದ್ರು."

ಮುಚ್ಚಿಟ್ಟು ಇನ್ನೇನು ಎಂದು ನಾನು ಅಕ್ಕೋರಿಗೆ ಎಲ್ಲವನ್ನೂ ಹೇಳಿದೆ. ಅವರು ಚಪ್ಪಲಿ ಮೆಟ್ಟಿ ನೇರ ಅಂಗಡಿಗೆ ಹೋದರು. ಆ ಅಪ್ಪ ಮರ್ಯಾದೆಗೆ ಕಡಿಮೆ ಮಾಡಲಿಲ್ಲವಂತೆ. ಕುರ್ಚಿ ಹಾಕಿಸಿ, ಕಾಫಿ ತರಿಸಿ, ಹುಡುಗಿ ಈಗ ಉಡುತಡಿಯವರಿಗೆ ಸೇರಿದವಳು, ನನ್ನ ಕೈಯಲ್ಲಿ ಏನಿದೆ ಎಂದನಂತೆ. ಬೇಸಿಗೆಯಲ್ಲಿ ಮದುವೆಯಾಯಿತು. ನಾನು ಹೋದೆ, ಲಾಡನ್ನೂ ತಿಂದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಇನ್ನೊಂದು ತಮಾಷೆ ಕೇಳಿ. ಗೈಡ್ ದಳದಲ್ಲಿ ಸುತ್ತಾಡಿದ ಹುಡುಗಿಗೆ ಒಳ್ಳೆಯ ಸಂಬಂಧ ಕೂಡಿಬಂತು ಎಂಬ ಸುದ್ದಿ ಊರೆಲ್ಲ ಹರಡಿತು. ಮುಂದಿನ ವರ್ಷ ಎಲ್ಲಿಗೆ ಬೇಕಾದರೂ ಹೋಗಿ ಎಂದರು. ಅಂಚೆ ಕಚೇರಿ, ಗಿರಣಿ, ಕೊನೆಗೆ ಗುಡವಿಗೂ ಯಾರ ತಕರಾರೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಜುಮುಕಿ ಹಾಕಿ ಕಳಿಸುವವರೂ ಹೆಚ್ಚಾದರು. ನಾನು ಆಗ ಹೈಸ್ಕೂಲು ಸೇರಿದ್ದೆ, ದಳವನ್ನು ಬಿಟ್ಟಿರಲಿಲ್ಲ.

ಗುಡವಿಗೆ ಹೋಗುವ ದಿನ ಅಕ್ಕೋರು ಲಾರಿಯನ್ನು ಉಡುತಡಿಯ ಕಡೆಗೆ ತಿರುಗಿಸಲು ಹೇಳಿದರು. ಅವಳನ್ನೂ ಒಂದು ದಿನದ ಮಟ್ಟಿಗೆ ಕರೆದೊಯ್ದು ಹಕ್ಕಿ ತೋರಿಸಿ ತರೋಣ ಎಂದರು. ಮಕ್ಕಳನ್ನು ಲಾರಿಯಲ್ಲೇ ಬಿಟ್ಟು ಅಕ್ಕೋರೂ ನಾನೂ ಇಬ್ಬರೇ ಆ ಮನೆಗೆ ಹೋದೆವು. ಅತ್ತೆ, ಅದೇ ನರೆಗೂದಲಿನಾಕೆ, ನಮ್ಮನ್ನು ಕಂಡು ಬಹಳ ಹಿಗ್ಗಿದಳು. ಕಂಬಳಿ ಹಾಸಿ ಕೂರಿಸಿ, ಕಾಫಿ ತರಲು ಒಳಗೆ ಕೂಗಿ ಹೇಳಿದಳು. ಕೆಟ್ಟ ಹೆಂಗಸಲ್ಲ ಅವಳು, ಅದನ್ನೂ ಹೇಳಬೇಕು.

"ನಿಮ್ಮಿಂದ ಈ ಮನಿಗೆ ಉಪಕಾರ ಆತ್ರಿ ಅಕ್ಕೋರೆ," ಎಂದಳು. "ನನಗ ಈ ಸಂಬಂಧ ಮನಸ್ಸಿರ್ಲಿಲ್ಲ. ಓದಿದ ಹುಡುಗಿ, ಎಲ್ಲಾದ್ರಾಗೂ ಜಾಣಿ ಅಂತಿದ್ರು, ನಾಳೆ ನಮ್ಮ ತಲಿ ಮ್ಯಾಲೆ ಕೂತ್ರೆ ಅಂತ ಅಂಜಿಕಿ. ಅವತ್ತು ನೀವು ಅಷ್ಟು ಮಂದಿ ಮುಂದೆ ಬೈದ್ರಿ. ಒಂದು ಮಾತು ಎದುರಾಡ್ಲಿಲ್ಲ, ತಲಿ ಎತ್ತಲಿಲ್ಲ, ನಿಂತಲ್ಲೇ ಅತ್ತಳು. ಅನ್ನ ಮಾಡೋದು ಕಲಿಸ್ಬಹುದು, ಆ ಗುಣ ಕಲಿಸೋಕಾಗಲ್ಲ. ಅಲ್ಲೇ ಗಟ್ಟಿ ಮಾಡ್ಕೊಂಡೆ."

ಅಕ್ಕೋರು ನನ್ನ ಕಡೆ ನೋಡಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಕಾಫಿ ಲೋಟಗಳ ತಟ್ಟೆ ಹಿಡಿದು ಅವಳು ಅಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಲೆಯ ಮೇಲೆ ಸೆರಗು, ಮುಖ ಸೊರಗಿತ್ತು. ಬಂದು ಲೋಟಗಳನ್ನು ನಮ್ಮ ಮುಂದಿಟ್ಟು ಗೋಡೆಗೆ ಸರಿದು ನಿಂತಳು. ಅಕ್ಕೋರು ಲೋಟ ಮುಟ್ಟಲಿಲ್ಲ. ಗುಡವಿಗೆ ಹೊರಟಿದ್ದೇವೆ, ಇವಳನ್ನೂ ಕರೆದೊಯ್ದು ಸಂಜೆಗೆ ತಂದು ಬಿಡುತ್ತೇವೆ ಎಂದು ತಡವರಿಸುತ್ತಾ ಕೇಳಿದರು. ಅವರ ದನಿ ಹಾಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅತ್ತೆ ಬೇಡ ಎನ್ನಲಿಲ್ಲ. "ಹೋಗಿ ಬಾ ತಾಯಿ, ಹಕ್ಕಿ ನೋಡ್ಕೊಂಡು ಬಾ," ಎಂದಳು.

"ಒಲ್ಲೆ ಅತ್ತಿ," ಎಂದಳು ಅವಳು, ತಲೆ ತಗ್ಗಿಸಿಯೇ. "ಒಲಿ ಮ್ಯಾಲೆ ಅನ್ನ ಐತಿ. ಸೀದು ಹೋಗ್ತೈತಿ."

ನಾನು ಅವಳ ಭುಜಗಳನ್ನೇ ನೋಡಿದೆ. ಅವು ಅಲುಗಲಿಲ್ಲ.