ಗಾರೆ ತಾತನ ಸುಣ್ಣದ ಗುಂಡಿ

ಗಾರೆ ತಾತನ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹತ್ತು ಬೆರಳುಗಳ ತುದಿಯೂ ಹೊಳೆಯ ಕಲ್ಲಿನ ಹಾಗೆ ನುಣ್ಣಗೆ. ಉಗುರಿನ ಸುತ್ತ ಮಾತ್ರ ಎಷ್ಟು ತೊಳೆದರೂ ಹೋಗದ ಬಿಳಿ ಅಂಚು. ಎಳವೆಯಿಂದ ಗಾರೆ ಕಲಸಿ ಕಲಸಿ, ಸುಣ್ಣ ಆ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ರೇಷನ್ ಅಂಗಡಿಗೆ ಬೆರಳಿಡುವ ಮಿಷಿನ್ನು ಬಂದ ಮೇಲೆ ತಾತನಿಗೆ ಪ್ರತಿ ತಿಂಗಳೂ ಫಜೀತಿ. ಒಂದೊಂದೇ ಬೆರಳನ್ನು ಇಟ್ಟು, ಕೊನೆಗೆ ಕೆಂಪು ದೀಪವೇ ಉರಿದಾಗ ಸಾಲಿನಲ್ಲಿ ನಿಂತವರ ಕಡೆ ತಿರುಗಿ ಹೇಳುತ್ತಿದ್ದ: "ನೋಡ್ರಪ್ಪಾ, ಈ ಮಿಷಿನ್ನಿಗೆ ನಾನಿನ್ನೂ ಹುಟ್ಟೇ ಇಲ್ಲ. ಹೊಟ್ಟೆ ಮಾತ್ರ ಹುಟ್ಬುಟ್ಟೈತೆ."

ತಾತ ನನಗೆ ರಕ್ತಸಂಬಂಧಿಯಲ್ಲ. ಅಂಚೆಟ್ಟಿ ರಸ್ತೆಯ ನಮ್ಮೂರಿನಲ್ಲಿ, ಎತ್ತಿನ ಗಾಡಿಯವರು ತಂಗಲೆಂದು ನನ್ನ ಮುತ್ತಜ್ಜ ಕಟ್ಟಿಸಿದ ಒಂದು ಛತ್ರವಿದೆ. ಆರು ಕಲ್ಲು ಕಂಬ, ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ತಾರಸಿ. ಈಗ ಗಾಡಿಗಳಿಲ್ಲ. ಬಸ್ಸಿಗೆ ಕಾಯುವವರು, ಹುಣಸೆಹಣ್ಣು ಬಿಡಿಸುವ ಹೆಂಗಸರು ಅಲ್ಲಿ ಕೂರುತ್ತಾರೆ. ಅಪ್ಪನ ನಂತರ ಅದು ನನಗೂ ಅಣ್ಣನಿಗೂ ಬಂತು. ಅದರ ಗಾರೆ ಕೆಲಸವೆಲ್ಲ ತಾತನದು, ಅವನಿಗಿಂತ ಮುಂಚೆ ಅವನ ಅಪ್ಪನದು.

ನಾನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದವಳು, ಇರುವುದು ಅಲ್ಲೇ ಅವಲಪಲ್ಲಿಯಲ್ಲಿ. ವಾರದ ರಜೆಗೆ ಊರಿಗೆ ಹೋದರೆ ಮೊದಲು ಕಾಣಿಸುತ್ತಿದ್ದುದು ಛತ್ರದ ಜಗಲಿಯಲ್ಲಿ ಕುಕ್ಕುರುಗಾಲಲ್ಲಿ ಕೂತ ತಾತ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದ. ಹದ ಬಂತೇ ಎಂದು ಉಗುರಿನಿಂದ ಗೀರಿ ನೋಡುತ್ತಿದ್ದ. "ನಿಮ್ಮ ಕಾರ್ಖಾನೇಲಿ ಗಂಟೆ ಹೊಡೀತದೆ ಅಮ್ಮಣ್ಣಿ, ಓಡ್ತೀರ. ಗಾರೆ ಮುಂದೆ ಯಾರ ಗಂಟೇನೂ ನಡಿಯಾಕಿಲ್ಲ" ಎನ್ನುತ್ತಿದ್ದ. ಯಾರಾದರೂ ಸಿಮೆಂಟಿನ ಮಾತೆತ್ತಿದರೆ ಮುಖ ಸಿಂಡರಿಸುತ್ತಿದ್ದ. ಹಳೇ ಗೋಡೆಗೆ ಸಿಮೆಂಟು ಮೆತ್ತುವುದೆಂದರೆ ಬದುಕಿರುವವನ ಮೂಗು ಮುಚ್ಚಿದ ಹಾಗೆ ಎಂಬುದು ಅವನ ವಾದ.

ಆದರೆ ತಾರಸಿಯೂ ಗೋಡೆಯೂ ಬಿರುಕು ಬಿಡುತ್ತಲೇ ಇದ್ದವು. ಒಂದು ಮೂಲೆಯ ತೊಲೆ ನೀರು ಕುಡಿದು ಕಪ್ಪಾಗಿತ್ತು. ಅಣ್ಣ ಖಡಾಖಂಡಿತವಾಗಿ ಹೇಳಿದ: "ಯಾರ ತಲೆ ಮ್ಯಾಲಾದ್ರೂ ಬಿದ್ರೆ ನಾವು ಜೈಲಿಗೋಯ್ತೀವಿ. ಕೆಡವ್ಬುಟ್ಟು ನಾಲ್ಕು ಅಂಗಡಿ ಕಟ್ಟಾನ." ಅವನ ಮಾತಿನಲ್ಲಿ ನ್ಯಾಯವಿತ್ತು. ಅದೇ ಹೊತ್ತಿಗೆ ತಮಿಳು ಪೇಪರಿನಲ್ಲಿ ಒಂದು ಸುದ್ದಿ ಓದಿದೆ: ಖಾಸಗಿಯವರ ಕೈಯಲ್ಲಿರುವ ಪುರಾತನ ಕಟ್ಟಡಗಳ ದುರಸ್ತಿಗೆ ಸರ್ಕಾರ ಸಹಾಯಧನ ಕೊಡುತ್ತದಂತೆ. ಅಣ್ಣನ ಹತ್ತಿರ ಗಡುವು ಕೇಳಿ, ಕೃಷ್ಣಗಿರಿಗೆ ಅಲೆದು ಅರ್ಜಿ ಹಾಕಿದೆ. ಹಳೆಯ ಪತ್ರ, ನಕ್ಷೆ, ಫೋಟೊ ಎಂದು ಅವರು ಕೇಳಿದ್ದೆಲ್ಲ ಕೊಟ್ಟೆ. ತಾತ ಆ ಅರ್ಜಿಯ ಜೆರಾಕ್ಸನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಓದಲು ಬಾರದು, ಆದರೂ ಸಿಕ್ಕಿದವರಿಗೆಲ್ಲ ತೋರಿಸುತ್ತಿದ್ದ.

ಕೊನೆಗೊಮ್ಮೆ ತಪಾಸಣೆಯ ದಿನ ಗೊತ್ತಾಯಿತು. ತಾತನಿಗೆ ಫೋನಿನಲ್ಲಿ ಹೇಳಿದೆ: "ಗುರುವಾರ ದೊಡ್ಡೋರು ನಮ್ಮ ಛತ್ರ ನೋಡಾಕ್ ಬತ್ತಾರೆ ತಾತ." ಅಷ್ಟೇ ಹೇಳಿದೆ. ಏನು ನೋಡಲು ಬರುತ್ತಾರೆ ಎಂದು ಬಿಡಿಸಿ ಹೇಳಲಿಲ್ಲ. ಅದು ನನ್ನ ತಪ್ಪು.

ಗುರುವಾರ ಅರ್ಧ ದಿನ ರಜೆ ಹಾಕಿ ಬಸ್ಸಿಳಿದರೆ ಎದುರಿಗೆ ಛತ್ರ ಫಳಫಳ ಹೊಳೆಯುತ್ತಿತ್ತು! ಬಿರುಕುಗಳೆಲ್ಲ ಮುಚ್ಚಿಹೋಗಿದ್ದವು. ಕಪ್ಪಾದ ತೊಲೆಗೂ ಸುಣ್ಣ. ಬಾಗಿಲಿಗೆ ಮಾವಿನ ತೋರಣ, ಜಗಲಿಗೆ ಕೆಮ್ಮಣ್ಣಿನ ಪಟ್ಟೆ. ನಮ್ಮ ಕಡೆ ಮನೆಗೆ ಯಾರಾದರೂ ದೊಡ್ಡವರು ಬರುತ್ತಾರೆಂದರೆ ಸುಣ್ಣ ಬಳಿಯದೆ ಇರುವುದುಂಟೆ? ತಾತ ಮೂರು ದಿನ ಒಬ್ಬನೇ ಏಣಿ ಹತ್ತಿ ಇಳಿದಿದ್ದ. ಒಗೆದ ಪಂಚೆ ಉಟ್ಟು, ತಲೆಗೆ ಟವಲು ಸುತ್ತಿ, ಮದುಮಗಳ ಅಪ್ಪನ ಹಾಗೆ ಕೈಮುಗಿದು ನಿಂತಿದ್ದ.

ಅಧಿಕಾರಿ ಒಳಗೆ ಒಂದು ಸುತ್ತು ಬಂದರು. ಗೋಡೆ ತಟ್ಟಿದರು. ಅರ್ಜಿಯ ಜೊತೆಗಿದ್ದ ಬಿರುಕಿನ ಫೋಟೊ ನೋಡಿದರು, ನನ್ನನ್ನು ನೋಡಿದರು. "ನಲ್ಲಾ ದಾನೇ ಇರುಕ್ಕು?" ಎಂದರು. ಚೆನ್ನಾಗಿಯೇ ಇದೆಯಲ್ಲ, ಮತ್ತೇಕೆ ಸಹಾಯಧನ ಎಂದು ಅದರ ಅರ್ಥ. ಸುಣ್ಣದಡಿಯ ಕಥೆಯನ್ನು ನಾನು ಎಷ್ಟು ಹೇಳಿದರೂ ಅವರಿಗೆ ಅದು ನೆಪದಂತೆ ಕೇಳಿಸಿತು. ಜೀಪು ಹತ್ತಿ ಹೋದರು.

ನನಗೆ ಮೈಯೆಲ್ಲ ಉರಿಯಿತು. "ಯಾಕ್ ತಾತ ಹಿಂಗ್ ಮಾಡ್ದೆ?"

"ಬರೋ ಸಾಯೇಬ್ರ ಮುಂದೆ ಛತ್ರಾನ ಹರಕಲು ಬಟ್ಟೇಲಿ ನಿಲ್ಸಾಕಾಯ್ತದಾ ಅಮ್ಮಣ್ಣಿ?"

"ಹರಕಲು ನೋಡಾಕೇ ಅವ್ರು ಬಂದಿದ್ದು! ನಿನ್ನ ಕೈಯಿಂದ್ಲೇ ಛತ್ರ ಹಾಳಾಯ್ತು."

ಆ ಮಾತು ಬಾಯಿಂದ ಜಾರಿತು. ತಾತ ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡ. ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದ. 

ಕಟ್ಟಡ ಸುಸ್ಥಿತಿಯಲ್ಲಿದೆ ಎಂದು ಕಾಗದ ಬಂತು. ಅಣ್ಣ ಜೆಸಿಬಿಯವನ ಹತ್ತಿರ ಮಾತಾಡಿದ. ಸುದ್ದಿ ತಿಳಿದ ತಾತ ಅಣ್ಣನ ಮನೆ ಬಾಗಿಲಿಗೇ ಹೋದನಂತೆ. "ಒಂದು ಮಳೆಗಾಲ ಕೊಡಪ್ಪ. ಒಂದು ಹನಿ ಒಳಕ್ಕೆ ಬಿದ್ರೆ ನಾನೇ ಮೊದಲ್ನೇ ಇಟ್ಟಿಗೆ ಕೀಳ್ತೀನಿ." ಆಮೇಲೆ ತಾರಸಿ ಹತ್ತಿದ. ಸಡಿಲಾದ ಗಾರೆ ಕಿತ್ತು, ಇಟ್ಟಿಗೆ ಪುಡಿ ಸುಣ್ಣ ಬೆರೆಸಿ ಹಾಕಿ, ಮರದ ಹಲಗೆಯಿಂದ ದಿನಗಟ್ಟಲೆ ಬಡಿದ. ಆ ವರ್ಷ ಜೋರು ಮಳೆ ಬಂದರೂ ಛತ್ರದೊಳಗೆ ಹನಿ ಬೀಳಲಿಲ್ಲ. ಅಣ್ಣ ಮತ್ತೆ ಜೆಸಿಬಿಯ ಮಾತೆತ್ತಲಿಲ್ಲ. ಆದರೆ ತೊಲೆಗಳನ್ನು ಬದಲಿಸುವುದು ತಾತನೊಬ್ಬನಿಂದ ಆಗುವಂಥದ್ದಲ್ಲ.

ಮಳೆ ನಿಂತ ಮೇಲೆ ಒಂದು ಭಾನುವಾರ ಹೋದಾಗ ಛತ್ರದ ಹಿಂದೆ ತಾತ ಗುಂಡಿ ತೋಡಿದ್ದ. ಸುಣ್ಣದ ಕಲ್ಲು ಸುರಿದು ನೀರು ಹೊಯ್ದಿದ್ದ. ಅದು ಕೊತಕೊತ ಕುದಿಯುತ್ತಿತ್ತು. ಆ ಜಗಳದ ನಂತರ ನಾವು ಸರಿಯಾಗಿ ಮಾತಾಡಿರಲಿಲ್ಲ. ತಾತನೇ ಶುರು ಮಾಡಿದ.

"ತಿರ್ಗಾ ಅರ್ಜಿ ಹಾಕು ಅಮ್ಮಣ್ಣಿ. ಈ ಸಲ ಸುಣ್ಣದ ಕುಂಚ ಮುಟ್ಟಾಕಿಲ್ಲ, ನಿನ್ನಾಣೆ. ಅವ್ರು ಕೊಡೋ ಹೊತ್ಗೆ ಇದು ಬೆಣ್ಣೆ ಆಗಿರ್ತದೆ. ಮ್ಯಾಲಿನ ನೀರು ಆರದಂಗೆ ನೋಡ್ಕೊಂಡ್ರೆ ಎಷ್ಟು ವರ್ಷ ಆದ್ರೂ ಕೆಡಾಕಿಲ್ಲ."

ನಾನು ತಲೆಯಾಡಿಸಿದೆ. ತಪ್ಪಾಯಿತು ತಾತ ಎಂದು ಆಗಲೇ ಹೇಳಬೇಕಿತ್ತು. ಮುಂದಿನ ಭಾನುವಾರ ಹೇಳೋಣ ಎಂದುಕೊಂಡು ಬಸ್ಸು ಹತ್ತಿದೆ. ಆ ವಾರದ ನಡುವೆ, ಮೊದಲ ಶಿಫ್ಟಿಗೆ ಹೋಗುವ ಬಸ್ಸಿನಲ್ಲಿದ್ದಾಗ ಅಣ್ಣನ ಫೋನು ಬಂತು. ಜಗಲಿಯಲ್ಲಿ ಕೂತಲ್ಲೇ ತಾತ ಹೋಗಿಬಿಟ್ಟಿದ್ದ.

ಅರ್ಜಿ ಮತ್ತೆ ಹಾಕಿದೆ. ಈ ಸಲ ಬಂದವರು ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿಣಿ. ಹೊಸದಾಗಿ ಸುಣ್ಣ ಬಳಿದಿರಲಿಲ್ಲ, ಹಳೆಯದು ಉದುರಿ ಗೋಡೆಯ ಬಿರುಕುಗಳು ಮತ್ತೆ ಬಾಯಿಬಿಟ್ಟಿದ್ದವು, ತೊಲೆ ಕಪ್ಪಗೆ ಕಾಣುತ್ತಿತ್ತು. ಆಕೆ ಏಣಿ ಹತ್ತಿ ತಾತ ಬಡಿದ ತಾರಸಿಯ ಮೇಲೆ ಮಂಡಿಯೂರಿ ಕೂತು, ಅಂಗೈಯಿಂದ ಸವರಿ ನೋಡಿದರು. ಇಂಥ ಕೆಲಸ ಈಗ ಯಾರು ಮಾಡುತ್ತಾರೆ ಎಂದು ತಮಿಳಿನಲ್ಲಿ ಕೇಳಿದರು. ನಮ್ಮ ತಾತ ಎಂದೆ. 

ಮೊನ್ನೆ ಮಂಜೂರಾತಿಯ ಕಾಗದ ಬಂದಿದೆ. ಒಂದು ಷರತ್ತಿದೆ: ಸಿಮೆಂಟು ಕೂಡದು, ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯಿಂದಲೇ ಮಾಡಿಸಬೇಕು. ಜೊತೆಗಿರುವ ನಮೂನೆಯಲ್ಲಿ ಮೇಸ್ತ್ರಿಯ ಹೆಸರಿಗೆ ಒಂದು ಗೆರೆ, ಹೆಬ್ಬೆಟ್ಟಿಗೆ ಒಂದು ಪುಟ್ಟ ಚೌಕ. ಅದನ್ನು ನೋಡಿ ನಗು ಬಂತು, ಹಿಂದೆಯೇ ಅಳುವೂ ಬಂತು. ತಾತ ಇದ್ದು ಹೆಬ್ಬೆಟ್ಟು ಒತ್ತಿದ್ದರೆ ಆ ಚೌಕದಲ್ಲಿ ಗೆರೆಯಿಲ್ಲದ ಒಂದು ಮಸಿಯ ಬೊಟ್ಟು ಬೀಳುತ್ತಿತ್ತು, ಅಷ್ಟೆ.

ಮೇಸ್ತ್ರಿಗಾಗಿ ನಾಟ್ರಾಂಪಾಳ್ಯದವರೆಗೂ ಹೋಗಿ ವಿಚಾರಿಸಿದೆ. "ನಮ್ಮ ತಾತಂಗೆ ಬತ್ತಿತ್ತು ಕಣಕ್ಕ" ಎಂದರು ಒಬ್ಬರು. ಇನ್ನೂ ಹುಡುಕುತ್ತಿದ್ದೇನೆ. ಪ್ರತಿ ಭಾನುವಾರ ಛತ್ರದ ಹಿಂದೆ ಹೋಗಿ ಗುಂಡಿಯ ಮೇಲಿನ ಹಲಗೆ ಸರಿಸುತ್ತೇನೆ. ಕೋಲಿನ ತುದಿಗೆ ಒಂದಿಷ್ಟು ಸುಣ್ಣ ತೆಗೆದು ನೋಡುತ್ತೇನೆ. ತಾತ ಹೇಳಿದ ಹಾಗೆ ಬೆಣ್ಣೆಯಾಗಿದೆ. ತಪ್ಪಾಯಿತು ತಾತ ಎನ್ನುತ್ತೇನೆ, ಕೇಳುವವರು ಯಾರೂ ಇಲ್ಲದಿದ್ದರೂ. ಆಮೇಲೆ ಎರಡು ಕೊಡ ನೀರು ಹೊಯ್ದು, ಹಲಗೆ ಮುಚ್ಚಿ ಬಸ್ಸಿಗೆ ಬರುತ್ತೇನೆ.